ಬೆಂಗಾವಲಿನ ಕಟ್ಟು ಇಬ್ಬರಿಗೂ ಒಂದೇ



ನಾವು ಬೆಳೆಯುವ ಕಾಫಿಗೂ ಹಡಗಿನ ವಿಮೆಗೂ ಹಳೆಯ ನಂಟಿದೆ. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ನಡೆಸುತ್ತಿದ್ದ ಕಾಫಿ ಅಂಗಡಿ 1688ರ ವೇಳೆಗಾಗಲೇ ಹಡಗಿನವರೂ ವರ್ತಕರೂ ಕೂಡುವ ಜಾಗವಾಗಿತ್ತು. ಅಲ್ಲಿ ಕಾಫಿ ಕುಡಿಯುತ್ತ ಹಡಗುಗಳ ಸುದ್ದಿ ಕೇಳುತ್ತಿದ್ದ ಜನರಿಂದಲೇ ಮುಂದೆ ಲಾಯ್ಡ್ಸ್ ಎಂಬ ಹೆಸರಾಂತ ವಿಮಾ ಮಾರುಕಟ್ಟೆ ಬೆಳೆಯಿತು. ಯುದ್ಧ ಬಂತೆಂದರೆ ವಿಮೆ ಮಾಡುವವರು ಹಡಗಿನೊಡೆಯನನ್ನು ಕೇಳಲೇಬೇಕಾದ ಪ್ರಶ್ನೆಯೊಂದಿತ್ತು: ಬೆಂಗಾವಲಿನೊಡನೆ ಹೊರಡುವಿರೋ, ಒಂಟಿಯಾಗಿಯೋ? ಬೆಂಗಾವಲಿನೊಡನೆ ಹೋಗುವವನಿಗೆ ವಿಮೆಯ ಹಣ ಕಡಿಮೆ ಬೀಳುತ್ತಿತ್ತು.

ಅದು ಹಾಯಿ ಹಡಗುಗಳ ಕಾಲ. ಬ್ರಿಟನ್ನಿಗೂ ಫ್ರಾನ್ಸಿಗೂ ಪದೇ ಪದೇ ಯುದ್ಧ. ಸರ್ಕಾರದ ಪರವಾನಗಿ ಪಡೆದು ಶತ್ರುದೇಶದ ಸರಕು ಹಡಗು ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಖಾಸಗಿಯವರು ಎರಡೂ ಕಡೆ ಇದ್ದರು. ಆದ್ದರಿಂದ ಹತ್ತಾರು, ಕೆಲವೊಮ್ಮೆ ನೂರಾರು ಹಡಗುಗಳು ಒಂದೇ ಬಂದರಿನಲ್ಲಿ ಕೂಡಿ, ನೌಕಾಪಡೆಯ ಕಾವಲಿನಲ್ಲಿ ಹೊರಡುತ್ತಿದ್ದವು. ಪ್ರತಿ ಹಡಗಿನ ನಾಯಕನಿಗೂ ಲಿಖಿತ ಸೂಚನಾಪತ್ರ ಸಿಗುತ್ತಿತ್ತು. ಹಗಲು ಬಾವುಟ, ರಾತ್ರಿ ಲಾಂದ್ರ, ಮಂಜು ಕವಿದರೆ ಫಿರಂಗಿಯ ಸದ್ದು. ಇವೇ ಅವರ ಭಾಷೆ.

ಇದರ ಲಾಭ ಬರಿಯ ಫಿರಂಗಿಗಳಿಂದ ಬಂದುದಲ್ಲ. ಸಾಗರ ವಿಶಾಲ. ನೂರು ಹಡಗು ನೂರು ದಾರಿಯಲ್ಲಿ ಹೋದರೆ ಕಳ್ಳನಿಗೆ ನೂರು ಅವಕಾಶ. ನೂರೂ ಒಂದೇ ಗುಂಪಾಗಿ ಹೋದರೆ ಉಳಿದ ಕಡಲೆಲ್ಲ ಬರಿದು. ಕಂಡರೂ ಕಾವಲು ಎದುರಿಗಿರುತ್ತದೆ.

ಆದರೂ ವರ್ತಕರ ಗೊಣಗಾಟ ಇದ್ದೇ ಇತ್ತು. ಅದು ಸುಳ್ಳೂ ಅಲ್ಲ. ಗಾಳಿಗಾಗಿ, ಹಿಂದುಳಿದವರಿಗಾಗಿ ವಾರಗಟ್ಟಲೆ ಕಾಯಬೇಕು. ಇಡೀ ಗುಂಪಿನ ವೇಗ ಎಲ್ಲಕ್ಕಿಂತ ನಿಧಾನದ ಹಡಗಿನ ವೇಗ. ಎಲ್ಲ ಸರಕೂ ಒಂದೇ ದಿನ ಇಳಿದರೆ ಪೇಟೆಯಲ್ಲಿ ಧಾರಣೆ ಕುಸಿಯುತ್ತದೆ. ಹೀಗಾಗಿ ಗುರಿ ಹತ್ತಿರವಾದೊಡನೆ ಕತ್ತಲಲ್ಲಿ ಗುಂಪು ಬಿಟ್ಟು ಮುಂದೋಡಿ, ಮೊದಲ ಧಾರಣೆ ಗಿಟ್ಟಿಸುವ ಆಸೆ. ಕೆಲವರು ಗೆದ್ದರು, ಕೆಲವರು ಸಿಕ್ಕಿಬಿದ್ದರು. ಗೆದ್ದವನ ಕಥೆ ಬಂದರಿನಲ್ಲಿ ಬೇಗ ಹಬ್ಬುತ್ತದೆ. ಶತ್ರುವಿನ ಸೆರೆಯಲ್ಲಿರುವವನ ಕಥೆ ಹೇಳುವವರಾರು?

ಕೊನೆಗೆ 1798ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನನ್ನೇ ತಂದಿತು. ವಿದೇಶಕ್ಕೆ ಹೋಗುವ ಹಡಗುಗಳು ಬೆಂಗಾವಲಿನೊಡನೆಯೇ ಹೋಗಬೇಕು. ಬಿಟ್ಟುಹೋದರೆ 1000 ಪೌಂಡುಗಳವರೆಗೆ ದಂಡ. ಖರ್ಚಿಗೆಂದು ತೆರಿಗೆಯನ್ನೂ ಹಾಕಿದರು. ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಿಗೆ ವಿನಾಯಿತಿ ಇತ್ತು. ಅವು ದೊಡ್ಡವು, ಅವುಗಳಲ್ಲಿ ಫಿರಂಗಿಗಳಿದ್ದವು. ದೊಡ್ಡವನಿಗೆ ಒಂಟಿಯಾಗಿ ಹೋಗುವ ತಾಕತ್ತಿರುತ್ತದೆ. ಆತನನ್ನು ನೋಡಿ ಸಣ್ಣವನು ಹೊರಟರೆ ಕೆಟ್ಟ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸದಸ್ಯರಿಗೆ ಬುದ್ಧಿ ಹೇಳುವ ಕಾರ್ಯದರ್ಶಿಯ ಲೇಖನವಾದೀತು. ವಿಷಯಕ್ಕೆ ಇನ್ನೊಂದು ಮುಖವಿದೆ.

1780ರ ಆಗಸ್ಟ್ 9ರಂದು ಇಂಗ್ಲೆಂಡಿನಿಂದ ಹೊರಟಿದ್ದ 63 ಸರಕು ಹಡಗುಗಳ ಗುಂಪು ಲೂಯಿಸ್ ದೆ ಕಾರ್ಡೊವಾನ ಸ್ಪೇನ್-ಫ್ರಾನ್ಸ್ ಜಂಟಿ ನೌಕಾಪಡೆಗೆ ಎದುರಾಯಿತು. ಕಾವಲಿಗಿದ್ದುದು ಒಂದು ದೊಡ್ಡ ಯುದ್ಧನೌಕೆ, ಎರಡು ಸಣ್ಣವು. ಅಪರಿಚಿತ ಹಾಯಿಗಳನ್ನು ಕಂಡ ಕಾವಲಿನ ನಾಯಕ ಜಾನ್ ಮೌಟ್ರೆ ದಾರಿ ಬದಲಿಸಲು ಸಂಕೇತ ಕೊಟ್ಟ. ಸರಕು ಹಡಗುಗಳು ಅದನ್ನು ಲೆಕ್ಕಿಸದೆ ತಮ್ಮ ಪಾಡಿಗೆ ಮುಂದುವರಿದವು. ಬೆಳಗಾಗುವಾಗ ಅವು ಶತ್ರುವಿನ ನಡುವೆ ಇದ್ದವು. 55 ಹಡಗುಗಳು ಸೆರೆಯಾದವು. ಸುಮಾರು 15 ಲಕ್ಷ ಪೌಂಡ್ ನಷ್ಟ. ಕಾವಲಿನ ಮೂರೂ ನೌಕೆಗಳು ತಪ್ಪಿಸಿಕೊಂಡು ಹೋದವು.

ತಪ್ಪು ಯಾರದು? ಸಂಕೇತ ಪಾಲಿಸದವರದು ಖಂಡಿತ. ಆದರೆ ನೌಕಾಪಡೆ ಅಷ್ಟಕ್ಕೇ ಕೈ ತೊಳೆದುಕೊಳ್ಳಲಿಲ್ಲ. ಮೌಟ್ರೆಯನ್ನು ಸೈನಿಕ ನ್ಯಾಯಾಲಯಕ್ಕೆ ಎಳೆದು, ಹಡಗಿನ ಅಧಿಕಾರದಿಂದ ಇಳಿಸಿದರು. ಬ್ರಿಟಿಷ್ ನೌಕಾಪಡೆಯ ಶಿಸ್ತಿನ ನಿಯಮಾವಳಿಯಲ್ಲೇ ಬೆಂಗಾವಲಿನ ಬಗ್ಗೆ ಒಂದು ವಿಧಿಯಿತ್ತು. ಒಪ್ಪಿಸಿದ ಹಡಗುಗಳನ್ನು ನಿಷ್ಠೆಯಿಂದ ಕಾಯದ ಅಧಿಕಾರಿ ವರ್ತಕರಿಗೆ ನಷ್ಟ ತುಂಬಿಕೊಡಬೇಕು, ಮರಣದಂಡನೆಯವರೆಗೂ ಶಿಕ್ಷೆಯಾಗಬಹುದು. ಕಾಯುವುದಕ್ಕೆಂದು ವರ್ತಕರಿಂದ ಹಣ ಕೀಳುವುದೂ ಅಪರಾಧ.

ನಮ್ಮ ಅಭಿಪ್ರಾಯ ಇಷ್ಟೇ. ಬೆಂಗಾವಲು ಬಾಳಿದ್ದು ಕಟ್ಟು ಎರಡೂ ಕಡೆ ಇದ್ದುದರಿಂದ. ಗುಂಪು ಬಿಟ್ಟವನಿಗೆ ದಂಡವಿತ್ತು, ಕೈಬಿಟ್ಟ ಕಾವಲುಗಾರನಿಗೂ ದಂಡವಿತ್ತು. ಒಂದೇ ಕಡೆಗೆ ಕಟ್ಟು ಹಾಕಿದ್ದರೆ ಅದು ಬಲವಂತವಾಗುತ್ತಿತ್ತೇ ಹೊರತು ರಕ್ಷಣೆಯಾಗುತ್ತಿರಲಿಲ್ಲ.

ಸಹಕಾರ ಸಂಘವೂ ಸಣ್ಣ ಹಡಗುಗಳ ಗುಂಪೇ. ಹೊರಗಿನ ವ್ಯಾಪಾರಿ ಒಂದು ವರ್ಷ ನಾಲ್ಕು ಕಾಸು ಹೆಚ್ಚು ಕೊಟ್ಟಾಗ ಮೂಟೆ ಅತ್ತ ಸಾಗಿಸಬೇಡಿ ಎಂದು ನಾವು ಕೇಳುತ್ತೇವೆ. ತಾಳಿದವನು ಬಾಳಿಯಾನು. ಹಾಗೆ ಕೇಳುವ ಹಕ್ಕು ಮಾತ್ರ ನಮಗೆ ಪುಕ್ಕಟೆಯಾಗಿ ಬಂದುದಲ್ಲ. ತೂಕ, ಲೆಕ್ಕ, ಪಾವತಿಯ ದಿನ, ಈ ಮೂರರಲ್ಲಿ ಸಂಘ ತಪ್ಪಿದರೆ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಸಂಕೇತ ಕೊಟ್ಟೆವು, ನೀವು ನೋಡಲಿಲ್ಲ ಎಂಬ ಉತ್ತರವನ್ನು ನಮ್ಮಿಂದ ಒಪ್ಪಿಕೊಳ್ಳಬೇಡಿ.