ಒಬ್ಬ ಸ್ಪಾಕ್, ಇಬ್ಬರು ಸ್ಪಾಕ್

ವ್ಯೋಮನೌಕೆಗಳ ತಂಗುದಾಣ. ಬೆನ್ನು ತಿರುಗಿಸಿ ನಿಂತಿದ್ದ ಮುದುಕರೊಬ್ಬರನ್ನು ಕಂಡು ತರುಣನೊಬ್ಬ ‘ಅಪ್ಪಾ’ ಎಂದು ಕರೆಯುತ್ತಾನೆ. ಮುದುಕರು ತಿರುಗಿ, ತಾವು ‘ನಮ್ಮ’ ತಂದೆಯಲ್ಲ ಎನ್ನುತ್ತಾರೆ. ‘ನಿನ್ನ’ ಅಲ್ಲ, ‘ನಮ್ಮ’! ಇಬ್ಬರ ಹೆಸರೂ ಸ್ಪಾಕ್. ಇಬ್ಬರನ್ನೂ ಹೆತ್ತವಳು ಒಬ್ಬಳೇ ತಾಯಿ.

2009ರಲ್ಲಿ ತೆರೆಗೆ ಬಂದ ‘ಸ್ಟಾರ್ ಟ್ರೆಕ್’ ಚಿತ್ರದ ದೃಶ್ಯವಿದು. ಮುದುಕರ ಪಾತ್ರ ವಹಿಸಿದವರು ಲಿಯೊನಾರ್ಡ್ ನಿಮಾಯ್. 1966ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಆರಂಭವಾದ ಧಾರಾವಾಹಿಯಲ್ಲಿ ಚೂಪುಕಿವಿಯ ಸ್ಪಾಕ್ ಆಗಿದ್ದವರೂ ಅವರೇ. ತರುಣನ ಪಾತ್ರಕ್ಕೆ ಝಕಾರಿ ಕ್ವಿಂಟೊ.

ಕಥೆ ಹೀಗಿದೆ. 2387ರಲ್ಲಿ ಸಿಡಿದ ನಕ್ಷತ್ರವೊಂದು ರೊಮುಲಸ್ ಎಂಬ ಗ್ರಹವನ್ನು ನುಂಗುವ ಭಯ. ಕೃತಕ ಕಪ್ಪುಕುಳಿಯೊಂದನ್ನು ಸೃಷ್ಟಿಸಿ ಆ ಸ್ಫೋಟವನ್ನೇ ಹೀರಿಬಿಡಲು ಸ್ಪಾಕ್ ಹೊರಡುತ್ತಾರೆ. ಆದರೆ ತಡವಾಗುತ್ತದೆ, ರೊಮುಲಸ್ ನಾಶವಾಗುತ್ತದೆ. ಸಿಟ್ಟಿಗೆದ್ದ ಅಲ್ಲಿನ ಗಣಿಗಾರ ನೀರೊ ಅವರನ್ನು ಅಡ್ಡಗಟ್ಟುತ್ತಾನೆ. ಇಬ್ಬರೂ ಒಬ್ಬರ ಹಿಂದೊಬ್ಬರಂತೆ ಆ ಕಪ್ಪುಕುಳಿಗೇ ಬೀಳುತ್ತಾರೆ. ನೀರೊ ಹೊರಬಿದ್ದದ್ದು 2233ರಲ್ಲಿ, ಸ್ಪಾಕ್ 2258ರಲ್ಲಿ. ಒಬ್ಬನಿಗೆ 25 ವರ್ಷ ಕಾಯುವ ಶಿಕ್ಷೆ, ಇನ್ನೊಬ್ಬರಿಗೆ ಕೆಲವೇ ಸೆಕೆಂಡುಗಳ ಅಂತರ.

ಇಲ್ಲೊಂದು ಸಣ್ಣ ಲೆಕ್ಕ. ನೀರೊ ಬಂದ ದಿನವೇ ಹುಟ್ಟಿದ ಜಿಮ್ ಕರ್ಕ್‌ಗೆ 2258ರಲ್ಲಿ 25 ವರ್ಷ. ತರುಣ ಸ್ಪಾಕ್ ಅವನಿಗಿಂತ ದೊಡ್ಡವನು. ಹಿರಿಯ ಸ್ಪಾಕ್ ಹೊರಟು ಬಂದದ್ದು 129 ವರ್ಷ ಮುಂದಿನಿಂದ. ಅಂದಮೇಲೆ ಅವರ ವಯಸ್ಸು 154ಕ್ಕಿಂತ ಕಡಿಮೆ ಇರಲಾರದು. ಇನ್ನೂ ಸ್ವಾರಸ್ಯವೆಂದರೆ, ನೀರೊ ಬರುವ ಮೊದಲೇ ಸ್ಪಾಕ್ ಹುಟ್ಟಿಯಾಗಿತ್ತು. ಇಬ್ಬರ ತೊಟ್ಟಿಲೂ ಒಂದೇ, ಮೊದಲ ಹೆಜ್ಜೆಯೂ ಒಂದೇ. ಕವಲೊಡೆದದ್ದು ಆಮೇಲೆ.

ಇದರಲ್ಲಿ ವಿಜ್ಞಾನ ಎಷ್ಟು, ಕಟ್ಟುಕಥೆ ಎಷ್ಟು? ಗುರುತ್ವ ಹೆಚ್ಚಿದಷ್ಟೂ ಗಡಿಯಾರ ನಿಧಾನವಾಗುವುದು ನಿಜ. ಜಿಪಿಎಸ್ ಉಪಗ್ರಹಗಳಲ್ಲಿರುವ ಗಡಿಯಾರಗಳು, ವೇಗದ ಪರಿಣಾಮವನ್ನು ಕಳೆದ ಮೇಲೂ, ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಅದನ್ನು ಸರಿಪಡಿಸದಿದ್ದರೆ ದಾರಿ ತೋರಿಸುವ ಫೋನು ದಿನದೊಳಗೇ ಕಿಲೋಮೀಟರುಗಟ್ಟಲೆ ತಪ್ಪು ಹೇಳೀತು. ಕಪ್ಪುಕುಳಿಯ ಬಳಿ ಸುಳಿದಾಡಿ ಮರಳಿದವನಿಗೆ ಸೆಕೆಂಡುಗಳು, ದೂರದಲ್ಲಿ ಉಳಿದವರಿಗೆ ವರ್ಷಗಳು ಕಳೆದಿರುವುದು ಸಾಧ್ಯ. ಆದರೆ ಇದು ಭವಿಷ್ಯಕ್ಕೆ ಹೋಗುವ ದಾರಿ. ಹಿಂದಕ್ಕೆ ಕರೆತರುವ ದಾರಿಯಲ್ಲ.

ಹಿಂದಕ್ಕೆ ಹೋಗುವ ಮಾತು ಬಂದೊಡನೆ ಹಳೆಯ ತಕರಾರು ಏಳುತ್ತದೆ. ಹೋಗಿ ತನ್ನ ಅಜ್ಜನನ್ನೇ ಕೊಂದರೆ ಹೋದವನು ಹುಟ್ಟಿದ್ದಾದರೂ ಹೇಗೆ? 1957ರಲ್ಲಿ ಹ್ಯೂ ಎವರೆಟ್ ಕ್ವಾಂಟಂ ಸಿದ್ಧಾಂತಕ್ಕೆ ಕೊಟ್ಟ ವ್ಯಾಖ್ಯಾನದಿಂದ, ಜಗತ್ತು ಕವಲು ಕವಲಾಗಿ ಬೆಳೆಯುತ್ತದೆ ಎಂಬ ವಿಚಾರ ಬಂತು. ಭೂತಕಾಲಕ್ಕೆ ಹೋದವನು ತಲುಪುವುದು ಬೇರೊಂದು ಕವಲನ್ನು ಎಂದು 1991ರಲ್ಲಿ ಡೇವಿಡ್ ಡಾಯ್ಚ್ ವಾದಿಸಿದರು. ಚಿತ್ರದವರು ಹಿಡಿದದ್ದು ಇದೇ ಜಾಡು. ಆದ್ದರಿಂದ ತರುಣನಿಗೆ ಏನೇ ಆದರೂ ಹಿರಿಯರು ಮಾಯವಾಗುವುದಿಲ್ಲ. ಇದೆಲ್ಲ ಕಾಗದದ ಮೇಲಿನ ಮಾತು, ಪ್ರಯೋಗದಿಂದ ಸಿದ್ಧವಾದದ್ದಲ್ಲ. ಇನ್ನು ಕಪ್ಪುಕುಳಿ ಹುಟ್ಟಿಸುವ ಆ ‘ಕೆಂಪು ದ್ರವ್ಯ’ವಂತೂ ಬರೀ ಬುರುಡೆ! ಒಂದು ಗ್ರಹ ಕುಸಿಯುವುದನ್ನು ಇನ್ನೊಂದರ ಹಿಮದ ಮೇಲೆ ನಿಂತು ಬರಿಗಣ್ಣಿನಿಂದ ಅಷ್ಟು ದೊಡ್ಡದಾಗಿ ನೋಡುವುದೂ ಹಾಗೆಯೇ. ಶುಕ್ರ ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಮುಸ್ಸಂಜೆ ಹೊರಗೆ ಬಂದು ನೋಡಿದರೆ ಸಾಕು.

ಹಾಗಾದರೆ ಇಬ್ಬರೂ ಒಬ್ಬರೇ ಏನು? ರಕ್ತ ಪರೀಕ್ಷೆ ಹೌದೆಂದೀತು. ಆದರೆ ತರುಣನ ಕಣ್ಣೆದುರೇ ತಾಯಿ ಸತ್ತಿದ್ದಾಳೆ, ತವರು ಗ್ರಹ ವಲ್ಕನ್ ಇಲ್ಲವಾಗಿದೆ. ಉಳಿದ ವಲ್ಕನ್ನರು ಹತ್ತು ಸಾವಿರದಷ್ಟು ಮಂದಿ. ಆ ವಯಸ್ಸಿನಲ್ಲಿ ಹಿರಿಯರಿಗೆ ಈ ದುಃಖವಿರಲಿಲ್ಲ. ಅವರ ಬಳಿ ಇದ್ದದ್ದು ಕರ್ಕ್ ಜೊತೆ ಕಳೆದ ಸ್ನೇಹದ ದಿನಗಳು. ಆ ಸ್ನೇಹ ಹೇಗೆ ಬೆಳೆಯಿತೆಂದು ಮೊದಲೇ ಹೇಳಿಬಿಟ್ಟರೆ ಅದು ಬೆಳೆಯುವುದೇ ಇಲ್ಲ! ಅದಕ್ಕೇ ತನ್ನ ವಿಷಯ ಅವನಿಗೆ ತಿಳಿಸಬಾರದೆಂದು ಕರ್ಕ್‌ಗೆ ತಾಕೀತು ಮಾಡಿದ್ದರು. ತಿಳಿದರೆ ಏನೋ ಮಹಾ ಅನಾಹುತವಾದೀತೆಂಬ ಭಾವನೆ ಬರುವಂತೆಯೂ ಮಾತಾಡಿದ್ದರು. ಲೆಕ್ಕದ ಪುಸ್ತಕದ ಕೊನೆಯಲ್ಲಿರುವ ಉತ್ತರವನ್ನು ಮಕ್ಕಳಿಂದ ಮುಚ್ಚಿಡುವ ಹಿರಿಯರಿಗೆ ಈ ಉಪಾಯ ಹೊಸದೇನಲ್ಲ.

ಕೊನೆಗೆ ಕೆಲಸ ಹಂಚಿಕೊಂಡರು. ಅಳಿದುಳಿದವರಿಗೆ ಹೊಸ ನೆಲೆ ಕಟ್ಟುವುದು ಹಿರಿಯರ ಪಾಲು, ನೌಕೆಯಲ್ಲಿ ಉಳಿಯುವುದು ಕಿರಿಯನ ಪಾಲು. 2013ರ ಚಿತ್ರದಲ್ಲಿ ಒಮ್ಮೆ ಮಾತ್ರ, ಖಾನ್ ಎಂಬ ಶತ್ರುವಿನ ವಿಷಯದಲ್ಲಿ, ಹಿರಿಯರು ಬಾಯಿ ಬಿಟ್ಟರು.

ನಿಮಾಯ್ 2015ರ ಫೆಬ್ರವರಿ 27ರಂದು, 83ನೆಯ ವಯಸ್ಸಿನಲ್ಲಿ ತೀರಿಕೊಂಡರು. 2016ರ ಚಿತ್ರದಲ್ಲಿ ಹಿರಿಯ ಸ್ಪಾಕ್ ಇನ್ನಿಲ್ಲವೆಂಬ ಸುದ್ದಿ ಕಿರಿಯನಿಗೆ ಬರುತ್ತದೆ. ತನ್ನದೇ ಸಾವಿನ ಸುದ್ದಿ ಕೇಳಿ ಬದುಕಿರಬೇಕಾದವನ ಪಾಡು ವಿಚಿತ್ರ. ಅವರು ಬಿಟ್ಟುಹೋದ ಕೆಲಸವನ್ನು ಮುಂದುವರಿಸಲು ನೌಕೆಯನ್ನೇ ತೊರೆಯಬೇಕೆ ಎಂಬ ತೊಳಲಾಟ ಅವನದು. ಆಗ ಅವರ ಸಾಮಾನಿನಲ್ಲಿ ಒಂದು ಫೋಟೋ ಸಿಗುತ್ತದೆ. ಅದರಲ್ಲಿ ಅವನ ನೌಕೆಯ ಜೊತೆಗಾರರೆಲ್ಲ ಇದ್ದಾರೆ, ವಯಸ್ಸಾಗಿದೆ, ಒಟ್ಟಿಗೇ ಇದ್ದಾರೆ. ನಡುವೆ ಅವನೂ ಇದ್ದಾನೆ. ಅವನು ನೌಕೆಯಲ್ಲೇ ಉಳಿಯುತ್ತಾನೆ.