ದಿವಾಳಿ ಎದ್ದ ಪಟ್ಟಣಕ್ಕೆ ಜಪ್ತಿ ಇಲ್ಲ!



ಸಾಲ ತೀರಿಸಲಾಗದವನು ಮಾನಗೆಟ್ಟವನು ಅಂತ ನಿಮ್ಮ ತಲೆಗೆ ತುಂಬಿದವರು ಯಾರು? ಹಾಗಾದರೆ ಅಮೆರಿಕದ ಡೆಟ್ರಾಯಿಟ್ ಪಟ್ಟಣದ ಕತೆ ಕೇಳಿ.

ಕಾರು ತಯಾರಿಸಿ ಹೆಸರಾದ ಊರು ಅದು. 1950ರಲ್ಲಿ 18 ಲಕ್ಷಕ್ಕೂ ಮೇಲೆ ಜನ. ಕಾರ್ಖಾನೆಗಳು ಹೋದವು, ದುಡ್ಡಿದ್ದವರೂ ಹೋದರು. 2013ರ ಹೊತ್ತಿಗೆ ಉಳಿದವರು ಸುಮಾರು 7 ಲಕ್ಷ. ಕಂದಾಯ ಕಟ್ಟುವವರು ಕಡಿಮೆಯಾದರು, ಪಿಂಚಣಿ, ಬಡ್ಡಿ ಕಡಿಮೆಯಾಗಲಿಲ್ಲ. ಬೀದಿ ದೀಪಗಳಲ್ಲಿ ನೂರಕ್ಕೆ 40 ಕೆಟ್ಟು ನಿಂತಿದ್ದವು. ಸಾಲ ತೀರಿಸಲು ಮತ್ತೆ ಸಾಲ – ಇದು ನಮಗೇನು ಹೊಸದಲ್ಲ ಬಿಡಿ. ಕೊನೆಗೆ 2013ರ ಜುಲೈನಲ್ಲಿ, ಸುಮಾರು 1,800 ಕೋಟಿ ಡಾಲರ್ ಹೊರೆ ಹೊತ್ತ ಆ ಊರಿನ ಪರವಾಗಿ ದಿವಾಳಿ ಅರ್ಜಿ ಬಿತ್ತು.

ಆಮೇಲೆ? ತಮಟೆ ಬಾರಿಸಿ ಹರಾಜು ಕೂಗಿದರೇ? ಮನೆ ಬಾಗಿಲು ಕಿತ್ತುಕೊಂಡು ಹೋದರೇ? ಇಲ್ಲ. ಅಲ್ಲಿನ ಕಾನೂನಿನ ಪ್ರಕಾರ ಅರ್ಜಿ ಬಿದ್ದ ಕೂಡಲೇ ವಸೂಲಿ ನಿಲ್ಲಬೇಕು. ಊರಿನ ಆಸ್ತಿ ಮಾರಿ ಅಂತ ಕೋರ್ಟೂ ಹೇಳುವಂತಿಲ್ಲ. ನಗರದ ಚಿತ್ರಸಂಗ್ರಹದ ಮೇಲೆ ಸಾಲ ಕೊಟ್ಟವರ ಕಣ್ಣಿತ್ತು. ದಾನಸಂಸ್ಥೆಗಳು, ರಾಜ್ಯ ಸರ್ಕಾರ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಿ ಅದನ್ನು ಉಳಿಸಿದವು, ಆ ಹಣ ಪಿಂಚಣಿಗೆ ಮೀಸಲಾಯಿತು. 2014ರ ಡಿಸೆಂಬರಿನಲ್ಲಿ ಊರು ಹೊರಬಂದಾಗ ಸುಮಾರು 700 ಕೋಟಿ ಡಾಲರ್ ಸಾಲ ಅಳಿಸಿಹೋಗಿತ್ತು! ಊರಿನ ಸೇವೆಗಳನ್ನು ಸರಿಪಡಿಸಲು ಹತ್ತು ವರ್ಷಕ್ಕೆ 170 ಕೋಟಿ ಬೇರೆ ಗೊತ್ತುಮಾಡಿದರು. ಊರು ಮೊದಲು ಬದುಕಲಿ, ಬಡ್ಡಿ ಆಮೇಲೆ ಎಂಬ ಲೆಕ್ಕ.

ಅನ್ಯಾಯವೂ ನಡೆಯಿತು. ಜನ ಆರಿಸಿದವರ ಅಧಿಕಾರ ಕಿತ್ತು ರಾಜ್ಯ ಸರ್ಕಾರ ನೇಮಿಸಿದ ಒಬ್ಬನ ಕೈಗಿಟ್ಟರು. ಬಿಲ್ಲು ಕಟ್ಟದ ಸಾವಿರಾರು ಮನೆಗಳ ನಲ್ಲಿ ಬಂದ್ ಮಾಡಿದರು. ಪಿಂಚಣಿಗೂ ಕತ್ತರಿ ಬಿತ್ತು.

ನಮಗೆ ಬೇಕಾದ ಮಾತು ಇನ್ನೊಂದಿದೆ. ಅದೇ ದೇಶದಲ್ಲಿ 1986ರಲ್ಲಿ, ರೈತರ ಜಮೀನು ಹರಾಜಾಗುತ್ತಿದ್ದ ಕಾಲದಲ್ಲಿ, ರೈತ ಕುಟುಂಬಗಳಿಗೆಂದೇ ದಿವಾಳಿ ಕಾನೂನು ಬಂತು. 2005ರಲ್ಲಿ ಅದನ್ನು ಕಾಯಂ ಮಾಡಿದರು. ಜಮೀನು ಬೇಸಾಯಗಾರನ ಕೈಯಲ್ಲೇ ಇರುತ್ತೆ. ಅಡವಿನ ಸಾಲವನ್ನು ಜಮೀನಿನ ಇವತ್ತಿನ ಬೆಲೆಗೆ ಇಳಿಸಬಹುದು. ಕಂತು ಅವನ ಆದಾಯ ನೋಡಿ.

ನಮ್ಮಲ್ಲಿ ಕಂಪನಿಗಳ ಸಾಲ ಕತ್ತರಿಸಲು 2016ರ ದಿವಾಳಿ ಸಂಹಿತೆ ಇದೆ. ರೈತನಿಗೆ? ಚುನಾವಣೆ ಹತ್ತಿರ ಬಂದಾಗ ಮನ್ನಾ ಅಂತ ಒಂದು ಮಾತು, ಅದಕ್ಕೂ ನೂರೆಂಟು ಷರತ್ತು. ಮುಂದಿನ ಸಲ ವೋಟಿಗೆ ಬಂದವರನ್ನು ಚಾವಡಿಯಲ್ಲಿ ಕೂರಿಸಿ ಕೇಳಿ: ಕಂಪನಿಗಿರುವ ಕಾನೂನು ರೈತನಿಗೆ ಯಾವಾಗ ಮಾಡ್ತೀರಿ ಸ್ವಾಮಿ?