ಗಲ್ಲಾದ ಪುಸ್ತಕವೂ ದೇಶದ ಗಡಿಯೂ

ದೇಶದ ಗಡಿಯೆಂದರೆ ಹಿಮಾಲಯದ ಕಣಿವೆ, ರಾಜಸ್ಥಾನದ ಮರಳುಗಾಡು, ಬಂಗಾಳದ ನದೀಮುಖ ಎಂದು ಭಾವಿಸುವುದು ನಮ್ಮೆಲ್ಲರ ವಾಡಿಕೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಆ ಗಡಿಯ ಒಂದು ತುಣುಕು ಠಾಣೆಯ ಸ್ಟೇಷನ್ನಿನ ಎದುರಿನ ಲಾಡ್ಜಿಂಗಿನ ಮೇಜಿನ ಮೇಲೆಯೂ ಇದೆಯೆಂಬುದನ್ನು ಅಲ್ಲಿ ಕುಳಿತು ಪುಸ್ತಕ ಬರೆಯುವ ನಮ್ಮ ಗುಮಾಸ್ತರು ಬಲ್ಲರು. ತನ್ನಲ್ಲಿ ತಂಗುವ ವಿದೇಶೀಯರ ವಿವರಗಳನ್ನು ವಸತಿಗೃಹದವನು ಸರಕಾರಕ್ಕೆ ಒಪ್ಪಿಸತಕ್ಕದ್ದೆಂದು 1946ರ ವಿದೇಶೀಯರ ಶಾಸನವೇ ವಿಧಿಸಿದ್ದಿತು. 'ಸಿ ಫಾರಂ' ಎಂದು ನಮ್ಮವರ ಬಾಯಲ್ಲಿ ನಿಂತ ಆ ಪತ್ರವನ್ನು 24 ಗಂಟೆಗಳೊಳಗೆ ಕಳುಹಿಸದಿದ್ದರೆ ಮೊದಲು ಬೈಗುಳು ತಿನ್ನುವವನು ಯಜಮಾನನಲ್ಲ, ರಾತ್ರಿ ಪಾಳಿಯ ಗುಮಾಸ್ತ.

ಆ ಹಳೆಯ ಶಾಸನವು ಈಗ ಇಲ್ಲ. 2025ರ ಮಾರ್ಚ್ 11ರಂದು ಮಂಡಿತವಾದ ವಲಸೆ ಮತ್ತು ವಿದೇಶೀಯರ ಮಸೂದೆಯು ಮಾರ್ಚ್ 27ರಂದು ಲೋಕಸಭೆಯಲ್ಲಿಯೂ ಏಪ್ರಿಲ್ 2ರಂದು ರಾಜ್ಯಸಭೆಯಲ್ಲಿಯೂ ಅಂಗೀಕೃತವಾಗಿ, ಏಪ್ರಿಲ್ 4ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದು, ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. 1920, 1939, 1946 ಮತ್ತು 2000ನೇ ಇಸವಿಗಳ ನಾಲ್ಕು ಶಾಸನಗಳ ಜಾಗದಲ್ಲಿ ಇದೊಂದೇ ನಿಂತಿದೆ. ವಿದೇಶೀಯರ ವಿವರ ಕೊಡುವ ಹೊಣೆಯು ವಸತಿಗೃಹಗಳಿಗೆ ಮಾತ್ರವಲ್ಲದೆ ವಿದ್ಯಾಸಂಸ್ಥೆಗಳಿಗೂ ಆಸ್ಪತ್ರೆಗಳಿಗೂ ಬಂದಿದೆ. ಇಷ್ಟು ದೊಡ್ಡ ಶಾಸನವನ್ನು ಸಂಸತ್ತಿನ ಸಮಿತಿಯೊಂದರ ಪರಿಶೀಲನೆಗೆ ಕಳುಹಿಸಿರೆಂದು ವಿರೋಧಪಕ್ಷಗಳು ಕೇಳಿದುವು, ಕಳುಹಿಸಲಿಲ್ಲ. ನಾಲ್ಕು ವಾರಗಳೊಳಗೆ ಎಲ್ಲವೂ ಮುಗಿಯಿತು. ಅದರಿಂದ ಪ್ರತಿದಿನವೂ ಕೈಮಸಿ ಮಾಡಿಕೊಳ್ಳುವವರಾದ ನಮ್ಮನ್ನು ಯಾರೂ ಕೇಳಲಿಲ್ಲವೆಂಬುದು ಎಷ್ಟು ಸತ್ಯವೋ, ನಾವಾಗಿ ಹೋಗಿ ಹೇಳಲಿಲ್ಲವೆಂಬುದೂ ಅಷ್ಟೇ ಸತ್ಯ.

ಗಡಿಯ ಕಾವಲು ಬಿಗಿಯಾಗಿರಬೇಕೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. 1993ರಲ್ಲಿ ಮುಂಬಯಿಯನ್ನು ನಡುಗಿಸಿದ ಸ್ಫೋಟಕವು ನವೀ ಮುಂಬಯಿಯ ನೆರೆಯ ರಾಯಗಡದ ಕಡಲತೀರದಲ್ಲಿಯೇ ಇಳಿಯಿತು. 2008ರ ನವೆಂಬರ್ 26ರಂದು ಸಮುದ್ರಮಾರ್ಗವಾಗಿ ಬಂದವರು ಹೊಕ್ಕ ಸ್ಥಳಗಳಲ್ಲಿ ಎರಡು ದೊಡ್ಡ ಹೊಟೇಲುಗಳಿದ್ದುವು. ತಾಜಿನಲ್ಲಿ ಅತಿಥಿಗಳಿಗೆ ಅಡ್ಡವಾಗಿ ನಿಂತು ಪ್ರಾಣ ಕಳೆದುಕೊಂಡವರಲ್ಲಿ ಅಡಿಗೆಮನೆಯ ಕೆಲಸಗಾರರಿದ್ದರು. ಗಡಿಯು ಸಡಿಲಾದರೆ ಮೊದಲು ಬಲಿಬೀಳುವವರು ಯಾರೆಂಬುದನ್ನು ನಮ್ಮ ಉದ್ಯೋಗದವರಿಗೆ ಬೇರೆಯವರು ಬೋಧಿಸಬೇಕಾಗಿಲ್ಲ. ಈ ದೇಶವು ಧರ್ಮಶಾಲೆಯಲ್ಲವೆಂದು ಗೃಹಮಂತ್ರಿ ಅಮಿತ್ ಶಾ ಅವರು ಮಸೂದೆಯ ಚರ್ಚೆಯಲ್ಲಿ ಹೇಳಿದರು. ನಿಜವೇ. ಆದರೆ ಲಾಡ್ಜಿಂಗು ನಡೆಸಿದವರೆಲ್ಲರಿಗೂ ತಿಳಿದ ಒಂದು ಕ್ರಮವಿದೆ: ಬಾಗಿಲಲ್ಲಿ ನಿಂತವನಿಗೆ ಕೋಣೆಯಿಲ್ಲವೆಂದು ಹೇಳುವ ಮೊದಲು ಪುಸ್ತಕ ತೆರೆದು ನೋಡಬೇಕು, ಅವನ ಹೆಸರು ಅದರಲ್ಲಿ ಮೊದಲೇ ಇದ್ದರೂ ಇರಬಹುದು.

ನಮ್ಮ ಆಕ್ಷೇಪವಿರುವುದು ಆ ಪುಸ್ತಕ ತೆರೆಯುವ ವಿಷಯದಲ್ಲಿ. ಒಬ್ಬನು ವಿದೇಶೀಯನೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ, ತಾನು ವಿದೇಶೀಯನಲ್ಲವೆಂದು ಸಿದ್ಧಪಡಿಸುವ ಭಾರವು ಅವನ ಮೇಲೆಯೇ ಇರುತ್ತದೆ. ಇದು 1946ರಲ್ಲಿ ಪರಕೀಯ ಸರಕಾರವು ಬರೆದಿಟ್ಟ ನಿಯಮ. 2025ರ ಶಾಸನವು ಇದನ್ನು ಹಾಗೆಯೇ ಉಳಿಸಿಕೊಂಡಿದೆ. ಹೆಡ್ ಕಾನ್‌ಸ್ಟೇಬಲನ ದರ್ಜೆಗೆ ಕಡಿಮೆಯಲ್ಲದ ಯಾವ ಪೋಲೀಸನಾದರೂ ಶಾಸನಭಂಗ ಮಾಡಿದವನನ್ನು ವಾರಂಟಿಲ್ಲದೆ ಬಂಧಿಸಬಹುದಾಗಿದೆ. ಅಸಾಮಿಗೆಂದು 1983ರಲ್ಲಿ ಆದ ಬೇರೊಂದು ಶಾಸನವು ಈ ಭಾರವನ್ನು ಸರಕಾರದ ಮೇಲೆ ಹೊರಿಸಿದ್ದಿತು. ಅದರಿಂದ ನುಸುಳುಕೋರರಿಗೇ ಅನುಕೂಲವಾಯಿತೆಂದು 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ಆದರೆ ಅದೇ ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಅಸಾಮಿನದೇ ಇನ್ನೊಂದು ಮೊಕದ್ದಮೆಯಲ್ಲಿ ಒಂದು ಮುಖ್ಯವಾದ ಮಾತನ್ನು ಸೇರಿಸಿದೆ: ದಾರಿಯಲ್ಲಿ ಹೋಗುವ ಯಾರನ್ನೋ ಹಿಡಿದು 'ನೀನು ಪರದೇಶಿಯಲ್ಲವೆಂದು ತೋರಿಸು' ಎನ್ನುವ ಹಾಗಿಲ್ಲ, ಶಂಕೆಗೆ ಆಧಾರವೇನೆಂಬುದನ್ನು ಅಧಿಕಾರಿಗಳು ಮೊದಲು ಮುಂದಿಡಬೇಕು, ಆ ಬಳಿಕವೇ ಭಾರವು ಅತ್ತ ಜಾರುತ್ತದೆ. ನ್ಯಾಯಾಲಯವು ಹೇಳಿದ ಈ ಮಾತು ಶಾಸನದ ಅಕ್ಷರಗಳಲ್ಲಿ ಇಲ್ಲ. ಪೋಲೀಸು ಚೌಕಿಯಲ್ಲಿ ಓದಲ್ಪಡುವುದು ಶಾಸನವೇ ಹೊರತು ತೀರ್ಪಲ್ಲ.

ಇದು ದೂರದ ಅಸಾಮಿನ ಸಂಗತಿಯೆಂದು ವಾಚಕರು ಪತ್ರಿಕೆಯನ್ನು ಮಡಿಸಿಡಬಾರದು. 2025ರ ಜನವರಿಯಲ್ಲಿ ಬಾಂದ್ರಾದಲ್ಲಿ ನಟ ಸೈಫ್ ಅಲಿ ಖಾನರಿಗೆ ಇರಿದನೆಂಬ ಆರೋಪಿಯು ಸಿಕ್ಕಿದ್ದು ಠಾಣೆಯಲ್ಲಿ. ಅವನು ಬಾಂಗ್ಲಾದೇಶದವನೆಂದು ಪೋಲೀಸರು ತಿಳಿಸಿದರು. ಅದೇ ವರ್ಷದ ಆಗಸ್ಟ್ 12ರಂದು ಠಾಣೆಯದೇ ಒಂದು ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು ಆರೋಪಿಗೆ ಜಾಮೀನು ನಿರಾಕರಿಸುತ್ತ, ಆಧಾರ್, ಪ್ಯಾನ್ ಮತ್ತು ಮತದಾರರ ಗುರುತುಚೀಟಿಗಳಿದ್ದ ಮಾತ್ರಕ್ಕೆ ಒಬ್ಬನು ಭಾರತದ ಪ್ರಜೆಯಾಗಲಾರನು, ಪೌರತ್ವವನ್ನು ತೀರ್ಮಾನಿಸುವುದು 1955ರ ಪೌರತ್ವ ಶಾಸನ ಎಂದು ಹೇಳಿತು. ಕಾನೂನಿನ ಪ್ರಕಾರ ಇದು ಸರಿಯಾದ ಮಾತು. ಸುಳ್ಳು ಕಾಗದಗಳನ್ನು ಮಾಡಿಸಿಕೊಡುವವರು ಇರುವ ತನಕ ನ್ಯಾಯಾಲಯವು ಬೇರೆ ರೀತಿ ಹೇಳುವುದೂ ಕಷ್ಟವೇ.

ಆದರೆ ನಮ್ಮ ಹುಡುಗನ ಟ್ರಂಕಿನಲ್ಲಿರುವುದೇನು? ಬೈಂದೂರಿನ ಕಡೆಯಿಂದಲೋ ಕಾರ್ಕಳದ ಕಡೆಯಿಂದಲೋ ಹದಿನಾರನೆಯ ವಯಸ್ಸಿಗೆ ಬಸ್ಸು ಹತ್ತಿ ಬಂದು, ಕಪ್ಪು ಬಸಿ ತೊಳೆದು, ಮಾಣಿಯಾಗಿ, ಈಗ ಡೊಂಬಿವಲಿಯ ಹೊಟೇಲೊಂದರ ಗಲ್ಲಾದಲ್ಲಿ ಕುಳಿತವನ ಬಳಿ ಇರುವುವು ಆ ಮೂರು ಚೀಟಿಗಳೇ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವನಿಗೆ ಇಲ್ಲಿ ಹುಟ್ಟಿದ್ದೊಂದೇ ಸಾಕು. ಅಲ್ಲಿಂದೀಚೆಗೆ ಹುಟ್ಟಿದವನು ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತದ ಪ್ರಜೆಗಳೆಂದು ತೋರಿಸಬೇಕು. 2004ರ ಡಿಸೆಂಬರ್ 3ರ ತರುವಾಯ ಹುಟ್ಟಿದವನಾದರೆ ಇನ್ನೊಬ್ಬರೂ ಅಕ್ರಮ ವಲಸೆಗಾರರಾಗಿರಬಾರದು. ಅಜ್ಜಿಯ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವನಿಗೆ ಜನನಪತ್ರವೆಲ್ಲಿ? ಶಾಲೆಗೆ ಸೇರಿಸುವಾಗ ಮಾಸ್ತರರು ತಮಗೆ ತೋಚಿದ ತಾರೀಕನ್ನು ಬರೆದರು. ಊರಿನ ದಾಖಲೆಯಲ್ಲಿ ತಂದೆಯ ಹೆಸರು ಒಂದು ಬಗೆ, ಇಲ್ಲಿನ ರೇಶನ್ ಕಾರ್ಡಿನಲ್ಲಿ ಮರಾಠಿಯ ಉಚ್ಚಾರಕ್ಕೆ ಹೊಂದಿಕೊಂಡು ಇನ್ನೊಂದು ಬಗೆ. ಯಾವ ದಿನವಾದರೂ ಒಬ್ಬ ಜಮಾದಾರನು ಶಂಕೆಯಿಂದ ನೋಡಿದರೆ ಇವೆಲ್ಲವೂ ಅಪರಾಧದ ಲಕ್ಷಣಗಳೇ ಆಗಿಬಿಡುತ್ತವೆ.

ಕನ್ನಡ, ತುಳು ಮಾತಾಡುವವನನ್ನು ಬಾಂಗ್ಲಾದೇಶಿಯೆಂದು ಯಾರು ತಿಳಿದಾರು ಎಂದು ಕೇಳುವವರುಂಟು. ನಮ್ಮ ಮೇಲೆ ಆ ಶಂಕೆ ಇಂದು ಇಲ್ಲ, ಒಪ್ಪಿದೆವು. ಆದರೆ ಬಂಗಾಳಿ ಮಾತಾಡಿದ ಭಾರತೀಯರ ಗತಿಯೇನಾಯಿತೆಂಬುದನ್ನು 2025ರ ಜೂನ್ ತಿಂಗಳು ತೋರಿಸಿಕೊಟ್ಟಿದೆ. ಮುರ್ಶಿದಾಬಾದು ಜಿಲ್ಲೆಯ ಒಬ್ಬ ಗಾರೆ ಕೆಲಸದವನನ್ನು ನಮ್ಮ ಠಾಣೆ ಜಿಲ್ಲೆಯ ಮೀರಾ ರೋಡಿನಲ್ಲಿ ಹಿಡಿದು ಗಡಿಯಾಚೆಗೆ ಅಟ್ಟಲಾಯಿತು. ಮಹಾರಾಷ್ಟ್ರದಲ್ಲಿ ಹಿಡಿಯಲ್ಪಟ್ಟ ಇನ್ನೂ ಕೆಲವರಿಗೆ ಅದೇ ಗತಿಯಾಯಿತು. ಪಶ್ಚಿಮ ಬಂಗಾಳದ ಸರಕಾರವೂ ಪೋಲೀಸರೂ ಊರಿನ ದಾಖಲೆಗಳನ್ನು ಒದಗಿಸಿ ಮಾತಾಡಿದ ಮೇಲೆ, ನಮ್ಮ ಗಡಿಪಡೆಯೇ ಅವರನ್ನು ಮರಳಿ ಕರೆತಂದಿತು. ಊರಿನ ಠಾಣೆಗೆ ಅಟ್ಟುವ ಮೊದಲೇ ವಿಚಾರಿಸಿದ್ದರೆ ಮುಗಿಯುತ್ತಿದ್ದ ಕೆಲಸವಿದು. ಒಬ್ಬ ಭಾರತೀಯನನ್ನು ಅವನ ಭಾಷೆ ಕೇಳಿ ಪರದೇಶಕ್ಕೆ ನೂಕಿದರೆ ಗಡಿಯು ಯಾವ ರೀತಿಯಲ್ಲಿ ಭದ್ರವಾಯಿತು?

ಭಾಷೆಯ ಮೇಲಿನಿಂದ, ಉಡುಪಿನ ಮೇಲಿನಿಂದ ಮನುಷ್ಯನನ್ನು ಅಳೆಯುವುದು ಎಂಥದೆಂಬುದನ್ನು ನಮ್ಮ ಹಿರಿಯರು ಅನುಭವಿಸಿದ್ದಾರೆ. 1966ರ ತರುವಾಯ ಮುಂಬಯಿಯಲ್ಲಿ ಲುಂಗಿಯ ಹೆಸರೆತ್ತಿ ಕೂಗುತ್ತಿದ್ದ ಘೋಷಣೆಯನ್ನೂ, 1969ರ ಫೆಬ್ರವರಿಯ ಗಡಿವಿವಾದದ ಗಲಭೆಯಲ್ಲಿ ಉಡುಪಿ ಹೊಟೇಲುಗಳ ಗಾಜು ಪುಡಿಯಾದುದನ್ನೂ ಅವರು ಮರೆತಿಲ್ಲ. ಅಂದು ನಾವು ದೇಶದ ಹೊರಗಿನವರಾಗಿರಲಿಲ್ಲ, ರಾಜ್ಯದ ಹೊರಗಿನವರು ಮಾತ್ರ. ಪೆಟ್ಟು ಬಿದ್ದಾಗ ಆ ಭೇದವು ಹೆಚ್ಚಾಗಿ ತಿಳಿಯುವುದಿಲ್ಲ. ಇನ್ನು ನಮ್ಮ ತವರಿನ ಸರಕಾರವೂ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಲ್ಲವೆಂಬುದನ್ನು ಹೇಳದಿರಲಾರೆವು. ಖಾಸಗಿ ಉದ್ಯಮಗಳಲ್ಲಿ ಆಡಳಿತದ ಹುದ್ದೆಗಳ ಅರ್ಧವನ್ನೂ ಉಳಿದವುಗಳಲ್ಲಿ ನೂರಕ್ಕೆ 70ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಬೆಂಗಳೂರಿನ ಸಚಿವಸಂಪುಟವು 2024ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟು, ಎರಡೇ ದಿನಗಳಲ್ಲಿ ತಡೆಹಿಡಿಯಿತು. ಅದೇ ಮಸೂದೆಯನ್ನು ಮಹಾರಾಷ್ಟ್ರವು ಅಕ್ಷರಶಃ ನಕಲು ಮಾಡಿದ್ದರೆ ಕಲ್ಯಾಣದ ನಮ್ಮ ಗುಮಾಸ್ತರ ಮಕ್ಕಳಿಗೆ ಏನಾಗುತ್ತಿದ್ದಿತೆಂದು ಅಲ್ಲಿನವರು ಯೋಚಿಸಿದ್ದರೋ ಇಲ್ಲವೋ!

ನಮ್ಮ ಅಡಿಗೆಮನೆಗಳಲ್ಲಿಯೂ ಬಾಗಿಲುಗಳಲ್ಲಿಯೂ ದುಡಿಯುವ ನೇಪಾಳಿಗಳ ಸಂಗತಿಯು ಬೇರೆ. 1950ರ ಜುಲೈ 31ರ ಭಾರತ-ನೇಪಾಳ ಒಪ್ಪಂದದ 7ನೇ ಕಲಮು ಅವರಿಗೆ ಇಲ್ಲಿ ವಾಸ, ವ್ಯಾಪಾರ, ಓಡಾಟಗಳ ಹಕ್ಕನ್ನು ಕೊಟ್ಟಿದೆ. ಅದನ್ನು ತಿಳಿಯದ ಕೆಲವು ಮ್ಯಾನೇಜರರು ಗಾಬರಿಗೊಂಡು ಅವರನ್ನು ಕೆಲಸದಿಂದ ಬಿಡಿಸುವುದು ಅಜ್ಞಾನದ ಕೆಲಸ.

ಹಾಗಾದರೆ ನಾವು ಕೇಳತಕ್ಕದ್ದೇನು? ಶಾಸನವನ್ನು ಕಿತ್ತುಹಾಕಿರೆಂದಲ್ಲ. ಶಂಕೆಗೆ ಗುರಿಯಾದವನಿಗೆ ಆ ಶಂಕೆಯ ಕಾರಣವನ್ನು ಅವನು ಬಲ್ಲ ಭಾಷೆಯಲ್ಲಿ ಬರೆದು ಕೊಡಬೇಕು. ಅವನು ಹೇಳುವ ಊರಿನ ಜಿಲ್ಲಾಧಿಕಾರಿಗೆ ಬರೆದು, ಉತ್ತರ ಬರುವ ತನಕ ಅವನನ್ನು ಗಡಿಯ ಕಡೆಗೆ ಸಾಗಿಸಬಾರದು. ಉತ್ತರಕ್ಕೂ ಒಂದು ಗಡುವಿರಲಿ, ಇಲ್ಲವಾದರೆ ಕಚೇರಿಗಳ ಆಲಸ್ಯದಿಂದ ಅವನು ಬಂಧನದಲ್ಲಿಯೇ ಕೊಳೆಯಬೇಕಾದೀತು. ಫಾರಂ ಕಳುಹಿಸುವುದರಲ್ಲಿ ತಿಳಿಯದೆ ತಪ್ಪಿದ ಗುಮಾಸ್ತನನ್ನೂ, ದುಡ್ಡು ತಿಂದು ಹೆಸರು ಮುಚ್ಚಿಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವೀ ಮುಂಬಯಿಯ ವಿಮಾನನಿಲ್ದಾಣದಿಂದಾಗಿ ಪನವೇಲು, ನೆರೂಳುಗಳ ಲಾಡ್ಜಿಂಗುಗಳಿಗೆ ಪರದೇಶದ ಗಿರಾಕಿಗಳು ಹೆಚ್ಚುವುದು ಸಹಜವಾದುದರಿಂದ ಈ ಕೊನೆಯ ಮಾತು ನಮ್ಮವರಿಗೆ ಮುಖ್ಯವಾದುದು.

ಇವುಗಳಲ್ಲಿ ಹೆಚ್ಚಿನವಕ್ಕೆ ಶಾಸನದ ತಿದ್ದುಪಡಿಯೂ ಬೇಕಾಗಿಲ್ಲ, ನಿಯಮಗಳ ತಿದ್ದುಪಡಿ ಸಾಕು. ನಿಯಮಗಳನ್ನು ಪರಿಶೀಲಿಸುವುದಕ್ಕೆಂದೇ ಸಂಸತ್ತಿನ ಉಭಯ ಸದನಗಳಲ್ಲಿಯೂ ಸಮಿತಿಗಳಿವೆ. ಲೋಕಸಭೆಯಲ್ಲಿ ಪ್ರಜೆಗಳ ಮನವಿಗಳಿಗಾಗಿಯೇ ಒಂದು ಸಮಿತಿಯಿದೆ. ಠಾಣೆ ಮತ್ತು ಕಲ್ಯಾಣ ಕ್ಷೇತ್ರಗಳ ಸದಸ್ಯರು ನಮ್ಮ ಮತಗಳನ್ನೂ ಪಡೆದು ಹೋದವರು. ಮನವಿಯನ್ನು ಸದನಕ್ಕೆ ಒಪ್ಪಿಸಲು ಅವರ ಒಂದು ರುಜು ಸಾಕು. ಆದರೆ ನಮ್ಮ ಸಂಘಗಳು ಯಕ್ಷಗಾನಕ್ಕೂ ಸನ್ಮಾನಕ್ಕೂ ಮಂತ್ರಿಗಳನ್ನು ಕರೆಯುವುದರಲ್ಲಿ ತೋರುವ ಉತ್ಸಾಹವನ್ನು ಇಂಥ ಕೆಲಸದಲ್ಲಿ ತೋರಿದ್ದು ಅಪರೂಪ. ಸನ್ಮಾನದ ಶಾಲಿನ ಜೊತೆಗೆ ಒಂದು ಮನವಿಯನ್ನೂ ಕೈಗಿತ್ತರೆ ಆಗುವ ನಷ್ಟವೇನು?

ಇದರ ಜೊತೆಗೆ ನಮ್ಮ ಮನೆಯ ಕೆಲಸವೂ ಇದೆ. ಈ ಸಲ ಊರಿಗೆ ಹೋಗುವವರು ತಮ್ಮ ಜನನ ನೋಂದಣಿ ಆಗಿದೆಯೇ ಎಂದು ಪಂಚಾಯತಿಯಲ್ಲಿ ನೋಡಲಿ. ಆಗಿರದಿದ್ದರೆ 1969ರ ನೋಂದಣಿ ಶಾಸನದ ಮೇರೆಗೆ ತಡವಾಗಿಯಾದರೂ ಮಾಡಿಸಿಕೊಳ್ಳುವ ಮಾರ್ಗವಿದೆ. ಶಾಲೆಯ ದಾಖಲೆಯ ಪ್ರತಿಯನ್ನೂ ತಂದೆತಾಯಿಗಳ ಕಾಗದಗಳ ಪ್ರತಿಯನ್ನೂ ಒಟ್ಟಿಗೆ ಇಟ್ಟುಕೊಳ್ಳಲಿ. ಹಿಂದೆ ಹೊಟೇಲು ಹುಡುಗರ ಮನಿಯಾರ್ಡರುಗಳನ್ನು ರಾತ್ರಿಶಾಲೆಯ ಮಾಸ್ತರರೂ ಕಚೇರಿಯ ಗುಮಾಸ್ತರೂ ಬರೆದುಕೊಡುತ್ತಿದ್ದರು. ಈಗ ಅದೇ ಗುಮಾಸ್ತರು ಈ ಮನವಿಯನ್ನು ಬರೆದುಕೊಡಲಿ. ಲೋಕಸಭೆಗೆ ಕೊಡುವ ಮನವಿಯು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರಬೇಕೆಂದು ನಿಯಮವಿದ್ದರೂ, ಆ ಎರಡರಲ್ಲೊಂದರ ಭಾಷಾಂತರವನ್ನು ಮನವಿದಾರನ ರುಜುವಿನೊಂದಿಗೆ ಲಗತ್ತಿಸಿದರೆ ಕನ್ನಡದಲ್ಲಿ ಬರೆದದ್ದೂ ಸ್ವೀಕಾರಾರ್ಹವೇ.